ಬಲ್ಲ ಕೈಗಳು ಬೇಕಾಗಿವೆ

ಮುಳ್ಳುಬಿದಿರಿನ ಮೆಳೆಯ ಬುಡದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮುಳ್ಳಿನ ರಾಶಿ ಇರುತ್ತದೆ. ಕೈ ಹಾಕಿದರೆ ತೊಗಲು ಕೀಳುತ್ತದೆ. 1970ರ ದಶಕದಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರು ಕಣ್ಣೆದುರೇ ಕರಗುತ್ತಿದ್ದಾಗ, ಕಾಗದದ ಕಾರ್ಖಾನೆಗಾಗಿ ಬಿದಿರು ಕಡಿಸುತ್ತಿದ್ದವರು ಈ ಮುಳ್ಳನ್ನು ಸವರಿ ತೆಗೆಸುತ್ತಿದ್ದರು. ಬುಡ ಚೊಕ್ಕಟವಾದರೆ ಮೆಳೆ ಸೊಂಪಾಗಿ ಬರುತ್ತದೆ ಎಂಬುದು ಓದಿದವರ ನಂಬಿಕೆ. ಸುತ್ತಲಿನ ಹಳ್ಳಿಯವರು ಒಪ್ಪಲಿಲ್ಲ. ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನ ತಿನ್ನುತ್ತದೆ, ಕಾಡುಪ್ರಾಣಿ ತಿನ್ನುತ್ತದೆ, ಮನುಷ್ಯರೂ ಮುರಿದುಕೊಂಡು ಹೋಗುತ್ತಾರೆ ಎಂದರು. 1975ರಲ್ಲಿ ರಾಜ್ಯ ಸರ್ಕಾರದ ಕೋರಿಕೆಯ ಮೇರೆಗೆ ಬಿದಿರಿನ ಅಧ್ಯಯನಕ್ಕೆ ಇಳಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಮೆಳೆಗಳನ್ನು ಎಣಿಸಿ, ಅಳೆದು ನೋಡಿದರು. ಹಳ್ಳಿಯವರ ಮಾತೇ ಸರಿಯಾಗಿತ್ತು.

ಸಂಬಳ, ಅಧಿಕಾರ, ಕೈಪಿಡಿ ಒಂದು ಕಡೆ ಇದ್ದವು. ತಿಳಿವಳಿಕೆ ಇನ್ನೊಂದು ಕಡೆ, ಯಾರೂ ಕೇಳದೆ, ಕಟ್ಟೆಯ ಮೇಲೆ ಕೂತಿತ್ತು. ಐವತ್ತು ವರ್ಷಗಳ ನಂತರವೂ ಈ ಎರಡರ ನಡುವಿನ ದೂರ ಹೆಚ್ಚೇನೂ ಕಡಿಮೆಯಾಗಿಲ್ಲ ಎಂಬುದೇ ನನ್ನ ಸಂಕಟ.

ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಹೌದು, ಮಾತು ಬದಲಾಗಿದೆ. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಹತ್ತು ವರ್ಷಗಳನ್ನು ಪರಿಸರ ವ್ಯವಸ್ಥೆಗಳ ಪುನಶ್ಚೇತನದ ದಶಕವೆಂದು ಸಾರಿದೆ. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳುಬಿದ್ದ ನೆಲವನ್ನು ಸರಿಪಡಿಸುವುದಾಗಿ ಭಾರತ ಜಗತ್ತಿಗೆ ಮಾತು ಕೊಟ್ಟಿದೆ. ದುಡ್ಡೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಪರಿಹಾರ ಅರಣ್ಯೀಕರಣದ ಲೆಕ್ಕದಲ್ಲಿ ರಾಜ್ಯಗಳಿಗೆ ಹಂಚಿದ್ದು 47,000 ಕೋಟಿ ರೂಪಾಯಿಗೂ ಹೆಚ್ಚು. ಕರ್ನಾಟಕದ ಪಾಲಿಗೆ ಬಂದದ್ದು ಸುಮಾರು 1,350 ಕೋಟಿ. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಸಸಿ ಕೊಡಲು ಸಾಲುಗಟ್ಟಿವೆ. ಶಾಲೆಯ ಮಕ್ಕಳು, ಸ್ವಾಮೀಜಿಗಳು, ಸಿನಿಮಾ ನಟರು, ಎಲ್ಲರೂ ಗಿಡ ನೆಡಲು ಸಿದ್ಧ. ಇಷ್ಟೆಲ್ಲ ಇದ್ದೂ ನನಗೆ ಭಯವಾಗುತ್ತದೆ. ಈ ಕೆಲಸವನ್ನು ಬಲ್ಲವರು ಎಷ್ಟು ಮಂದಿ ಇದ್ದಾರೆ? ಅವರ ಪಕ್ಕದಲ್ಲಿ ಕೂತು ಕಲಿಯುತ್ತಿರುವವರು ಎಷ್ಟು ಮಂದಿ?

ಬಲ್ಲವರಿಲ್ಲದೆ ಬರಿಯ ಉತ್ಸಾಹ ಏನು ಮಾಡುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ವಿಶ್ವ ಪರಿಸರ ದಿನವೆಂದು ಜೂನ್ 5ರಂದು ರಾಜ್ಯದುದ್ದಕ್ಕೂ ಒಂದೇ ದಿನ ಗುಂಡಿ ತೋಡುತ್ತೇವೆ. ಶಿರಸಿ, ಸಾಗರಕ್ಕೆ ಅದು ಮಳೆಗಾಲದ ಬಾಗಿಲು. ಕೋಲಾರ, ಚಿತ್ರದುರ್ಗಕ್ಕೆ? ಅಲ್ಲಿ ನಂಬಬಹುದಾದ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಜೂನ್ ಮೊದಲ ವಾರ ನೆಟ್ಟ ಎಳೆಗಿಡ ಅಲ್ಲಿಯವರೆಗೆ ಒಣಗಾಳಿಯಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಇದನ್ನು ಯಾವ ರಾಗಿ ಬೆಳೆಗಾರನನ್ನು ಕೇಳಿದ್ದರೂ ಹೇಳುತ್ತಿದ್ದ. ಆದರೆ ಪಂಚಾಂಗ ನೈರೋಬಿಯಿಂದ ಬರುತ್ತದೆ, ಬ್ಯಾನರ್ ಬೆಂಗಳೂರಿನಿಂದ ಬರುತ್ತದೆ.

ಹಿಮಾಚಲದ ಕಾಂಗ್ಡಾದಲ್ಲಿ ದಶಕಗಳ ಕಾಲ ನಡೆದ ಸರ್ಕಾರಿ ನೆಡುವಿಕೆಯನ್ನು ಸಂಶೋಧಕರು ಪರೀಕ್ಷಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಅಷ್ಟೊಂದು ವರ್ಷ, ಅಷ್ಟೊಂದು ಸಸಿ. ಮರದ ನೆರಳು ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ಜನರಿಗೆ ಬೇಕಾದ ಮೇವಿನ ಮರಗಳೂ ಹೆಚ್ಚಿರಲಿಲ್ಲ. ಫಿಲಿಪ್ಪೀನ್ಸ್‌ನ ಕರಾವಳಿಯಲ್ಲಿ ಕೋಟಿಗಟ್ಟಲೆ ಹಣ ಸುರಿದು ನೆಟ್ಟ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಲ್ಲಿ ನೂರಕ್ಕೆ ಹತ್ತಿಪ್ಪತ್ತು ಬದುಕಿದರೆ ಹೆಚ್ಚು ಎಂಬಂತಾಯಿತು. ಕಾರಣ ಬಹಳ ಸರಳ. ನೆಡಲು ಸುಲಭವಾದ ಜಾತಿಯನ್ನು ಆರಿಸಿದರು, ಉಬ್ಬರದ ನೀರು ಸದಾ ನಿಲ್ಲುವ ಕಡೆ, ಆ ಗಿಡ ಎಂದೂ ಬೆಳೆಯದ ಕೆಸರಿನಲ್ಲಿ, ಚುಚ್ಚಿದರು. ಅಘನಾಶಿನಿಯ ದಡದಲ್ಲಿ ಬಳಚು ಹೆಕ್ಕುವ ಹೆಂಗಸಿಗೆ ಕೆಸರು ಎಲ್ಲಿ ಮುಗಿಯುತ್ತದೆ, ಕಾಂಡ್ಲಾ ಎಲ್ಲಿ ಶುರುವಾಗುತ್ತದೆ ಎಂಬುದು ಕಾಲಿನಲ್ಲೇ ಗೊತ್ತಿರುತ್ತದೆ. ಆ ಅಳಿವೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲವೆಂಬ ರಾಮ್ಸಾರ್ ಪಟ್ಟ ಸಿಕ್ಕಿತು. ಇನ್ನು ಅಲ್ಲಿ ಏನಾದರೂ ನೆಡಬೇಕೆಂದು ಯಾರಾದರೂ ಹೊರಟರೆ ಮೊದಲು ಅವಳನ್ನು ಕೇಳಬೇಕು, ಆಮೇಲೆ ಸಲಹೆಗಾರರನ್ನು.

ಮಿಯಾವಾಕಿ ಎಂಬ ಹೆಸರು ಈಗ ನಗರಪಾಲಿಕೆಗಳಿಗೆಲ್ಲ ಬಾಯಿಪಾಠ. ಚದರಡಿಗೆ ಇಷ್ಟು ಗಿಡ, ಇಷ್ಟು ವರ್ಷದಲ್ಲಿ ಕಾಡು ಎಂದು ಟೆಂಡರ್ ಕರೆಯುತ್ತಾರೆ. ಜಪಾನಿನ ಆ ಸಸ್ಯವಿಜ್ಞಾನಿ ಜೀವನದುದ್ದಕ್ಕೂ ಹೇಳಿದ್ದು ಬೇರೆ: ಮೊದಲು ಆ ಊರಿನ ದೇವಸ್ಥಾನದ ಬನಗಳಿಗೆ ಹೋಗಿ, ಮನುಷ್ಯನ ಕೈ ಬೀಳದಿದ್ದರೆ ಆ ನೆಲದಲ್ಲಿ ಯಾವ ಮರ ಇರುತ್ತಿತ್ತು ಎಂದು ಪತ್ತೆ ಮಾಡಿ, ಅಲ್ಲಿನ ಬೀಜ ತಂದು ಸಸಿ ಮಾಡಿ. ನಾವು ಆ ಪಾಠವನ್ನು ಬಿಟ್ಟೆವು, ಒತ್ತೊತ್ತಾಗಿ ನೆಡುವ ಅಳತೆಯನ್ನಷ್ಟೇ ಎತ್ತಿಕೊಂಡೆವು. ಕಲಿಕೆ ಬೇಡ, ಸೂತ್ರ ಸಾಕು!

ಈ ಕಸುಬು ಎಷ್ಟು ಆಳದ್ದು ಎಂದು ತಿಳಿಯಲು ಬೀಜ ಒಂದೇ ಸಾಕು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಶಾಲೆ ಕಂಡವರಲ್ಲ. ಹಾಲಕ್ಕಿ ಒಕ್ಕಲಿಗರ ಹೆಣ್ಣುಮಗಳು. ಚಿಕ್ಕಂದಿನಲ್ಲೇ ತಾಯಿಯ ಬೆನ್ನಿಗೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದರು. ದಶಕಗಳ ಕಾಲ ದಿನಗೂಲಿಯಾಗಿಯೇ ದುಡಿದರು. ಕಾಡಿನಲ್ಲಿ ತಾಯಿಮರ ಯಾವುದು ಎಂದು ಗುರುತಿಸಿ, ಅದರ ಬೀಜವನ್ನು ಅದು ಮೊಳೆಯಲು ತಕ್ಕಷ್ಟು ಬಲಿತ ಹೊತ್ತಿಗೇ ಆರಿಸಿ ತರುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. 2021ರ ನವೆಂಬರಿನಲ್ಲಿ ಅವರು ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದು ಪದ್ಮಶ್ರೀ ಪಡೆದಾಗ ನಾಡೆಲ್ಲ ಕಣ್ಣೊರೆಸಿಕೊಂಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮತ್ತೆ ಕಣ್ಣೊರೆಸಿಕೊಂಡೆವು. ಬರಿಗಾಲಿನ ಚಿತ್ರ ಎಲ್ಲರ ಮೊಬೈಲಿನಲ್ಲೂ ಇದೆ. ಆದರೆ ಯಾವ ಬೀಜವನ್ನು ಎಷ್ಟು ಹೊತ್ತು ನೆನೆಸಬೇಕು, ಯಾವುದನ್ನು ನೆರಳಲ್ಲಿ ಆರಿಸಬೇಕು, ಯಾವುದನ್ನು ಬಿಸಿಲು ಕಾಣಿಸದೆ ಅಂದೇ ಮಣ್ಣಿಗೆ ಹಾಕಬೇಕು ಎಂದು ಅವರ ಕೈಗೆ ಗೊತ್ತಿದ್ದದ್ದರಲ್ಲಿ ಎಷ್ಟು ಭಾಗ ಇನ್ನೊಂದು ಕೈಗೆ ದಾಟಿತು? ಪ್ರಶಸ್ತಿ ಕೊಟ್ಟ ಸರ್ಕಾರ, ಸನ್ಮಾನ ಮಾಡಿದ ಸಂಘಗಳು, ಹಾಡಿ ಹೊಗಳಿದ ನಾವು, ಅವರ ಸುತ್ತ ಇಪ್ಪತ್ತು ಮಂದಿ ಹುಡುಗ ಹುಡುಗಿಯರನ್ನು ಸಂಬಳ ಕೊಟ್ಟು ಕೂರಿಸಿ ಕಲಿಸುವ ಒಂದು ಶಾಲೆಯನ್ನು ಯಾಕೆ ಕಟ್ಟಲಿಲ್ಲ?

ಬೀಜದ ವಿಷಯ ಎಷ್ಟು ನಾಜೂಕು ಎಂದು ಸಿದ್ದಾಪುರದ ಕತ್ತಲೆಕಾನು ಹೇಳುತ್ತದೆ. ಅಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕಾಡಿನ ಜೌಗು. ಉಸಿರಾಡಲು ಮಣ್ಣಿನಿಂದ ಮೇಲೆದ್ದು ಮೊಣಕಾಲಿನಂತೆ ಬಾಗಿ ಮತ್ತೆ ಕೆಸರಿಗಿಳಿಯುವ ಬೇರುಗಳು. ಹೂ ಬಿಡುವ ಸಸ್ಯಗಳಲ್ಲೇ ಬಲು ಪುರಾತನವಾದ ವಂಶವೊಂದರ ಮರಗಳು ಇಲ್ಲಿ ಉಳಿದಿವೆ. ಇಂಥ ಜಡ್ಡಿಗಳಲ್ಲಿ ಬಹುಪಾಲನ್ನು ಹಿಂದೆಯೇ ಗದ್ದೆ, ಅಡಿಕೆ ತೋಟ ನುಂಗಿದವು. 2000ದಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ, ಆ ಊರಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಬೆರಳೆಣಿಕೆಯ ಜಡ್ಡಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಈ ಜಡ್ಡಿಯೊಂದನ್ನು ಮರಳಿ ಕಟ್ಟಬೇಕು ಅಂದುಕೊಳ್ಳಿ. ಇಲ್ಲಿನ ಬೀಜಗಳನ್ನು ಡಬ್ಬಿಯಲ್ಲಿ ತುಂಬಿ ಮುಂದಿನ ವರ್ಷಕ್ಕೆ ಇಡುವಂತಿಲ್ಲ. ತೇವ ಆರಿತೋ, ಕೆಲವೇ ದಿನಗಳಲ್ಲಿ ಸತ್ತುಹೋಗುತ್ತವೆ. ಹಣ್ಣು ಬಿರಿಯುವ ವಾರ ಯಾವುದೆಂದು ಗೊತ್ತಿರಬೇಕು. ಮಂಗಟ್ಟೆ ಹಕ್ಕಿ ಪತ್ರೆಯ ಆಸೆಗೆ ಬೀಜ ನುಂಗಿ ಹಾರುವ ಮೊದಲು, ಮಾರುವವರು ಕಾಯಿಯನ್ನೇ ಬಡಿದು ಉದುರಿಸುವ ಮೊದಲು ಅಲ್ಲಿರಬೇಕು. ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದೇ ಹೆಣ್ಣುಮರದಿಂದ ಬೀಜ ತಂದು ಸಾವಿರ ಸಸಿ ಎಬ್ಬಿಸಿದರೆ ಅವೆಲ್ಲ ಒಂದೇ ತಾಯಿಯ ಮಕ್ಕಳು. ಮುಂದಿನ ತಲೆಮಾರು ಸೊರಗುತ್ತದೆ. ಬೇರೆ ಬೇರೆ ಜಡ್ಡಿಗಳ ಹಲವು ತಾಯಿಮರಗಳನ್ನು ಹುಡುಕಬೇಕು. ಇಷ್ಟಾದ ಮೇಲೂ ಹಳ್ಳದ ನೀರನ್ನು ಮೇಲೆ ಯಾರೋ ಪಂಪ್ ಹಚ್ಚಿ ತೋಟಕ್ಕೆ ತಿರುಗಿಸಿದ್ದರೆ ಎಲ್ಲವೂ ವ್ಯರ್ಥ. ಆದ್ದರಿಂದ ಗಿಡದ ಮಾತಿಗೂ ಮುನ್ನ ನೀರಿನ ಮಾತು, ನೀರಿನ ಮಾತೆಂದರೆ ತೋಟದ ಯಜಮಾನರ ಜೊತೆ ಕೂತು ಆಡಬೇಕಾದ ಮಾತು. ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಈ ಅಪರೂಪದ ಮರಗಳ ಸಸಿ ಎಬ್ಬಿಸಿ ಜಡ್ಡಿಗಳಿಗೆ ಮರಳಿಸುವ ಕೆಲಸ ಮಾಡಿದ್ದಾರೆ. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಇಡೀ ಪಶ್ಚಿಮ ಘಟ್ಟಕ್ಕೆ ಇಂಥವರು ಎಷ್ಟು ಜನ? ಗಿಡ, ನೀರು, ಹಕ್ಕಿ, ಜನ, ಈ ನಾಲ್ಕನ್ನೂ ಒಟ್ಟಿಗೆ ಓದಬಲ್ಲವರನ್ನು ನಮ್ಮ ಯಾವ ಕೋರ್ಸು ತಯಾರು ಮಾಡುತ್ತಿದೆ?

ಇನ್ನೊಂದು ತಿಳಿವಳಿಕೆ ಇದೆ, ಅದು ಇನ್ನೂ ಕಷ್ಟದ್ದು. ಎಲ್ಲಿ ನೆಡಬಾರದು ಎಂಬುದು.

ರಾಣೆಬೆನ್ನೂರಿನ ಹುಲ್ಲುಗಾವಲು ಕೃಷ್ಣಮೃಗಗಳದು, ತೋಳಗಳದು. ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯದೂ ಆಗಿತ್ತು. ಸುಮಾರು ಒಂದು ಮೀಟರ್ ಎತ್ತರದ ಆ ಹಕ್ಕಿಗೆ ದೂರದವರೆಗೆ ಕಣ್ಣು ಹಾಯುವ ಬಯಲೇ ಬೇಕು. ನಾವು ಅಲ್ಲಿ ನೀಲಗಿರಿ ನೆಟ್ಟೆವು. ಹಸಿರು ಮಾಡುತ್ತಿದ್ದೇವೆ ಎಂದು ನಂಬಿಯೇ ನೆಟ್ಟೆವು. ಎರೆಭೂತ ಅಲ್ಲಿಂದ ಕಣ್ಮರೆಯಾಗಲು ಇದ್ದ ಕಾರಣಗಳಲ್ಲಿ ಅದೂ ಒಂದು. ಇಂದು ಕರ್ನಾಟಕದಲ್ಲಿ ಅದನ್ನು ಕಾಣಬೇಕಾದರೆ ಸಿರುಗುಪ್ಪದ ಎರೆಹೊಲಗಳ ಸುತ್ತ ಅಲೆಯಬೇಕು, ಪುಣ್ಯವಿದ್ದರೆ ಕಂಡೀತು. ಕುದುರೆಮುಖದ ಬೆಟ್ಟಗಳ ಮೇಲೆ ಶೋಲಾ ಕಾಡಿನ ಪಕ್ಕದ ಹುಲ್ಲು ಬರಿಯ ಹುಲ್ಲೆಂದು ಕಂಡು ಅಕೇಶಿಯಾ ಹಾಕಿದ್ದೂ ಇದೇ ಕುರುಡು. ಬ್ರಿಟಿಷರ ಕಂದಾಯ ಪುಸ್ತಕದಲ್ಲಿ ತೆರಿಗೆ ಕೊಡದ ನೆಲವೆಲ್ಲ ಖರಾಬು. ಆ ಪುಸ್ತಕ ಹಳೆಯದಾಯಿತು, ಕಣ್ಣು ಹಾಗೇ ಉಳಿಯಿತು. ಕುರಿಗಾಹಿಯೊಬ್ಬ ಒಂದು ತುಂಡು ಬಯಲಿನಲ್ಲಿ ಹತ್ತಾರು ಹುಲ್ಲಿನ ಹೆಸರು ಹೇಳುತ್ತಾನೆ. ಯಾವುದು ಮೊದಲ ಮಳೆಗೆ ಚಿಗುರುತ್ತದೆ, ಯಾವುದನ್ನು ಕುರಿ ಮೂಸಿ ನೋಡಿ ಬಿಡುತ್ತದೆ, ಯಾವುದು ಬಂದರೆ ನೆಲ ಸುಸ್ತಾಗಿದೆ ಎಂದರ್ಥ, ಎಲ್ಲ ಅವನಿಗೆ ಗೊತ್ತು. ಬಯಲನ್ನು ಬಯಲಾಗಿಯೇ ಉಳಿಸಿ ಸುಧಾರಿಸುವ ಕೆಲಸಕ್ಕೆ ನಮ್ಮಲ್ಲಿ ಅಂದಾಜುಪಟ್ಟಿಯ ಕಾಲಂ ಕೂಡ ಇಲ್ಲ. ಗುಂಡಿ ತೋಡಿದರೆ ಬಿಲ್ಲು ಪಾಸಾಗುತ್ತದೆ, ತೋಡದೆ ಬಿಟ್ಟರೆ ಆಗುವುದಿಲ್ಲ.

ಎಲ್ಲಿ ಏನನ್ನು ನೆಡಬಾರದು ಎಂಬುದನ್ನು ಜನ ಮೊದಲೇ ಕಂಡುಕೊಂಡಿದ್ದರು ಎಂಬುದನ್ನು ಮರೆಯಬೇಡಿ. 1987ರ ನವೆಂಬರ್ 14ರಂದು ಹಾವೇರಿ ಸೀಮೆಯ ಕುಸನೂರಿನಲ್ಲಿ ಸೇರಿದ ಜನ ತಮ್ಮ ಗೋಮಾಳದಲ್ಲಿ ಪಲ್ಪಿಗಾಗಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತರು. ಆ ಜಾಗದಲ್ಲಿ ತಮಗೂ ದನಕರುಗಳಿಗೂ ಬೇಕಾದ ಗಿಡ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯ ಕೊಟ್ಟ ಆ ಕರೆಯ ಹೆಸರು ‘ಕಿತ್ತಿಕೋ ಹಚ್ಚಿಕೋ’. ಹೆಸರಿನಲ್ಲೇ ಕ್ರಮ ಇದೆ ನೋಡಿ. ಮೊದಲು ಕೀಳುವುದು. ಯಾವುದನ್ನು ಕೀಳಬೇಕು ಎಂದು ಗೊತ್ತಿದ್ದವರ ಸತ್ಯಾಗ್ರಹ ಅದು. ಮುಂದಿನ ವರ್ಷಗಳಲ್ಲಿ ಆ ನೀಲಗಿರಿ ನೆಟ್ಟಿದ್ದ ಪಲ್ಪ್‌ವುಡ್ ಕಂಪನಿಯೇ ಮುಚ್ಚಿಹೋಯಿತು.

ಕೀಳುವುದೂ ಒಂದು ವಿದ್ಯೆ. ಲಂಟಾನದ ಮುಂದೆ ಸೋತವರಿಗೆಲ್ಲ ಇದು ಗೊತ್ತು. ಎರಡು ಶತಮಾನದ ಹಿಂದೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚಂದಕ್ಕೆಂದು ಬಂದ ಗಿಡ, ಇಂದು ದೇಶದಲ್ಲಿ ಹುಲಿ ಓಡಾಡುವ ನೆಲದ ಶೇ 40ಕ್ಕೂ ಹೆಚ್ಚು ಭಾಗದಲ್ಲಿ ಹಬ್ಬಿದೆ ಎಂದು 2020ರ ಅಧ್ಯಯನವೊಂದು ಹೇಳಿತು. ಕತ್ತಿಯಲ್ಲಿ ಸವರಿದರೆ ಬುಡದಿಂದ ಮತ್ತೆ ಹತ್ತು ಕವಲು. ಜೆಸಿಬಿ ಹಚ್ಚಿ ಕಿತ್ತರೆ ಮಣ್ಣು ಬುಡಮೇಲಾಗಿ ಅದರ ಬೀಜಕ್ಕೇ ಹಾಸಿಗೆ ಹಾಸಿದಂತೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ಟಿನ ಕಾಡಿನಲ್ಲಿ ಒಂದು ದಾರಿ ತೋರಿಸಿದರು. ಗಿಡ ಮತ್ತೆ ಚಿಗುರುವುದು ಕಾಂಡ ಮತ್ತು ಬೇರು ಕೂಡುವ ಜಾಗದಿಂದ. ಆ ಜಾಗದ ಸ್ವಲ್ಪ ಕೆಳಗೆ, ಮಣ್ಣಿನೊಳಗೆ ಕೆಲವೇ ಸೆಂಟಿಮೀಟರ್ ಆಳದಲ್ಲಿ, ಗುದ್ದಲಿಯಿಂದ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ಎತ್ತಿ ತಲೆಕೆಳಗಾಗಿ ಇಟ್ಟುಬಿಡಬೇಕು. ಒಣಗುತ್ತದೆ. ಕೇಳಲು ಎಷ್ಟು ಸುಲಭ! ಮಾಡಿ ನೋಡಿದರೆ ತಿಳಿಯುತ್ತದೆ: ಏಟು ಎರಡು ಬೆರಳು ಮೇಲೆ ಬಿದ್ದರೆ ಎಲ್ಲ ದಂಡ. ಹೂವು ಕಾಯಾಗುವ ಮುನ್ನ ಮುಗಿಸಬೇಕು. ಹಕ್ಕಿಗಳು ಹಿಕ್ಕೆಯಲ್ಲಿ ಮತ್ತೆ ಬೀಜ ತರುವುದರಿಂದ ವರ್ಷ ವರ್ಷವೂ ಮರಳಿ ಬಂದು ಎಳೆ ಗಿಡ ಕೀಳಬೇಕು. ತೆರವಾದ ನೆಲದಲ್ಲಿ ಆ ಕಾಡಿನದೇ ಹುಲ್ಲು ಹಬ್ಬಿಸದಿದ್ದರೆ ಲಂಟಾನವೇ ತಿರುಗಿ ಬರುತ್ತದೆ, ಇಲ್ಲವೇ ಅದರ ದಾಯಾದಿ ಯಾವುದಾದರೂ ಬರುತ್ತದೆ. ಬಂಡೀಪುರ, ನಾಗರಹೊಳೆಯಲ್ಲಿ ಹಳದಿ ಹೂವಿನ ಸೆನ್ನಾ ಹಬ್ಬುತ್ತಿರುವುದನ್ನು ಕಂಡವರಿಗೆ ಆ ದಾಯಾದಿಯ ಗುರುತು ಹೇಳಬೇಕಿಲ್ಲ. ಅದಂತೂ ಕಡಿದಷ್ಟೂ ಚಿಗುರುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಲಂಟಾನದ ಬಗ್ಗೆ ಇನ್ನೊಂದು ಕಥೆ ಹೇಳುತ್ತಾರೆ. ಬೇಸಿಗೆ ಬಲಿಯುವ ಮುನ್ನ ಅವರು ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು, ತರಗು ಬೆಂಕಿ. ನೆಲ ಮಟ್ಟದಲ್ಲಿ ಓಡಿ ಆರುವ ಬೆಂಕಿ. ಲಂಟಾನದ ಎಳೆಗಿಡ ಸುಡುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಬದನಿಕೆ (ಅವರು ಉಪ್ಪಿಲು ಎನ್ನುತ್ತಾರೆ) ಹಿಡಿತದಲ್ಲಿರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ಲಂಟಾನ ಏರಿತು. ಸೋಲಿಗರ ಈ ಮಾತನ್ನು ಸಂಶೋಧಕರು ಬರೆದು ಪ್ರಕಟಿಸಿದ್ದಾರೆ. ಸೋಲಿಗರಲ್ಲೇ ಸಂಶೋಧಕರಾದವರೂ ಇದ್ದಾರೆ. ಹಾಗೆಂದು ನಾಳೆಯೇ ಕಡ್ಡಿ ಗೀರಿ ಎಂದು ನಾನು ಹೇಳುತ್ತಿಲ್ಲ. ಆಳೆತ್ತರ ಲಂಟಾನ ಒಣಗಿ ನಿಂತಿರುವ ಕಾಡಿಗೆ ಈಗ ಬೆಂಕಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯುವುದಿಲ್ಲ, ಮರದ ತುದಿ ಮುಟ್ಟುತ್ತದೆ. ಅಂದಿನ ಬೆಂಕಿಯ ಕಾಡು ಬೇರೆ, ಇಂದಿನದು ಬೇರೆ. ಹಳೆಯದೆಲ್ಲ ಚಿನ್ನ ಎಂದು ಭಜನೆ ಮಾಡುವವರ ಗುಂಪಿಗೆ ನಾನು ಸೇರಲಾರೆ. ಸೋಲಿಗರ ಹಿರಿಯರು, ಗುದ್ದಲಿ ಹಿಡಿಯುವ ಅವರ ಮಕ್ಕಳು, ಅಳತೆ ಬರೆಯುವ ವಿಜ್ಞಾನಿ, ಅನುಮತಿ ಕೊಡುವ ಅಧಿಕಾರಿ, ಈ ನಾಲ್ವರೂ ಒಂದು ಸಣ್ಣ ತುಂಡು ನೆಲದಲ್ಲಿ ಐದಾರು ವರ್ಷ ಜೊತೆಯಾಗಿ ಪ್ರಯೋಗ ಮಾಡಿದರೆ ಮಾತ್ರ ಇಂದಿನ ಕಾಡಿಗೆ ಹೊಂದುವ ಉತ್ತರ ಸಿಕ್ಕೀತು. 2011ರಲ್ಲಿ ಆ ಬೆಟ್ಟದ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹಕ್ಕು ಕೊಟ್ಟ ಮೇಲೆ ಹೊಣೆಯನ್ನೂ ಸಂಬಳವನ್ನೂ ಕೊಡುವುದಕ್ಕೆ ಏನು ಅಡ್ಡಿ?

ಜೋಧಪುರದಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅಲ್ಲಿನ ಶತ್ರುವಿಗೆ ನಾವು ನಮ್ಮ ಊರಿನ ಹೆಸರನ್ನೇ ಇಟ್ಟಿದ್ದೇವೆ: ಬಳ್ಳಾರಿ ಜಾಲಿ. ಮೆಹ್ರಾನ್‌ಗಢ ಕೋಟೆಯ ಬುಡದ ಬಂಡೆಗಾಡನ್ನೆಲ್ಲ ಅದು ಮುಚ್ಚಿತ್ತು. 2006ರಲ್ಲಿ ಪರಿಸರವಾದಿ ಪ್ರದೀಪ್ ಕೃಷನ್ ಅದನ್ನು ತೆಗೆದು ಮರುಭೂಮಿಯದೇ ಗಿಡಗಳನ್ನು ಮರಳಿ ತರಲು ಹೊರಟರು. ಬೇರು ಬಂಡೆಯ ಬಿರುಕಿನೊಳಗೆ ಇಳಿದಿತ್ತು. ಎಷ್ಟು ಕಡಿದರೂ ಮತ್ತೆ ಚಿಗುರು. ಕೊನೆಗೆ ಕೆಲಸ ಮಾಡಿದ್ದು ಖಂಡ್‌ವಾಲಿಯಾಗಳು. ತಲೆತಲಾಂತರದಿಂದ ಮರಳುಗಲ್ಲಿನ ಗಣಿಯಲ್ಲಿ ದುಡಿದವರು. ಸುತ್ತಿಗೆಯಿಂದ ಬಂಡೆಗೆ ತಟ್ಟಿ, ನಾದ ಕೇಳಿ, ಬಿರುಕು ಎಲ್ಲಿ ಓಡುತ್ತದೆಂದು ಹೇಳುವವರು. ಅವರು ಉಳಿಯಿಂದ ಬಂಡೆ ಕೊರೆದು ಬೇರನ್ನು ಬುಡಸಮೇತ ತೆಗೆದರು. ಅದೇ ಗುಂಡಿಗಳಲ್ಲಿ ಮರುಭೂಮಿಯ ಗಿಡ ಬೆಳೆದವು, 2011ರಲ್ಲಿ ರಾವ್ ಜೋಧಾ ಉದ್ಯಾನ ಜನರಿಗೆ ತೆರೆಯಿತು. ಕಲ್ಲುಕುಟಿಗರ ಕಿವಿ ಒಂದು ನೆಲದ ಪುನಶ್ಚೇತನಕ್ಕೆ ಬೇಕಾಗುತ್ತದೆಂದು ಯಾವ ಯೋಜನಾ ವರದಿ ಬರೆದಿತ್ತು? ಹುಡುಕುವ ವಿನಯ ಇದ್ದವರಿಗೆ ಸಿಕ್ಕಿತು.

ಕೆರೆಗಳ ಮಾತನ್ನು ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವ ಗಾಯ. ತೂಬು ಯಾವಾಗ ಎತ್ತಬೇಕು, ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು, ಕೋಡಿ ಬಿದ್ದಾಗ ಏನು ಮಾಡಬೇಕು ಎಂದು ಬಲ್ಲ ನೀರುಗಂಟಿಯನ್ನು ಕಳೆದುಕೊಂಡೆವು. ಆಮೇಲೆ ಕೆರೆ ಅಭಿವೃದ್ಧಿ ಎಂದು ಬೆಂಗಳೂರಿನಲ್ಲಿ ಹಲವು ಕೆರೆಗಳನ್ನು ಬೋಗುಣಿಯ ಹಾಗೆ ಅಗೆದು, ಸುತ್ತ ಏರಿ ಎಬ್ಬಿಸಿ, ವಾಕಿಂಗ್ ಪಾತ್ ಹಾಕಿದೆವು. ನೀರು ಒಳಬರುವ ತಗ್ಗಿನ ಜೊಂಡು, ಹಕ್ಕಿ ಕಾಲೂರುವ ತೆಳುನೀರು, ದನ ಇಳಿಯುವ ಇಳಿಜಾರು ಎಲ್ಲ ಹೋದವು. ಇದು ದುರುದ್ದೇಶದ ಕೆಲಸವಲ್ಲ. ಕೆರೆ ಎಂದರೇನು ಎಂದು ಕಲಿಯದ ಸಿವಿಲ್ ಎಂಜಿನಿಯರಿಂಗ್.

ಈಗ ಕೇಳಬೇಕಾದವರನ್ನು ನೇರವಾಗಿ ಕೇಳುತ್ತೇನೆ.

ಅರಣ್ಯ ಇಲಾಖೆಯ ದೊಡ್ಡವರೇ, ನಿಮ್ಮ ನರ್ಸರಿಗಳಲ್ಲಿ, ವಾಚರುಗಳಲ್ಲಿ, ಬೆಂಕಿ ಕಾಯುವವರಲ್ಲಿ ಎಷ್ಟೋ ತುಳಸಿ ಗೌಡರು ಈ ಹೊತ್ತೂ ದಿನಗೂಲಿಯಲ್ಲಿದ್ದಾರೆ. ಅವರಿಗೆ ಶಾಲು ಹೊದಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿ, ಹುದ್ದೆ ಕೊಡಿ. ಬೀಜ ಬಲ್ಲವರಿಗೆ ಬೀಜದ ಮೇಷ್ಟ್ರು ಎಂದೋ ಇನ್ನೇನೋ ಹೆಸರಿಟ್ಟು, ಪಾಠ ಮಾಡುವವರಿಗೆ ಸಿಗುವ ಸಂಬಳ ಕೊಡಿ. ಪ್ರತಿ ವಲಯದಲ್ಲೂ ಅಲ್ಲಿನದೇ ತಾಯಿಮರಗಳ ಪಟ್ಟಿ, ಯಾವ ಬೀಜ ಯಾವ ತಿಂಗಳು ಎಂಬ ಲೆಕ್ಕ ತಯಾರಾಗಲಿ. ಹೇಳಿದವರ ಹೆಸರು ಅದರ ಮೇಲಿರಲಿ. ಅವರಿಂದ ಕೇಳಿ ಬರೆದುಕೊಂಡು, ಕೊನೆಗೆ ಅದರ ಮೇಲೆ ಇನ್ನಾರದೋ ಹೆಸರು ಹಾಕುವುದನ್ನು ನ್ಯಾಯ ಎನ್ನಲಾಗದು.

ಹಣ ಕೊಡುವವರೇ, ಕಂಪನಿಗಳೇ, ಸರ್ಕಾರಗಳೇ, ನಿಮ್ಮ ಯೋಜನೆ ಒಂದು ಮಳೆಗಾಲಕ್ಕೆ ಮುಗಿಯುತ್ತದೆ. ಹೆರಿಗೆಗೆ ದುಡ್ಡು ಕೊಟ್ಟು ಬಾಣಂತನಕ್ಕೆ ಕೈ ಎತ್ತಿದ ಹಾಗೆ. ನೆಟ್ಟ ಗಿಡದ ಲೆಕ್ಕ ಕೇಳಬೇಡಿ, ಐದನೆಯ ವರ್ಷ ಎಷ್ಟು ಬದುಕಿವೆ, ಎಷ್ಟು ಬಗೆಯವು ಬದುಕಿವೆ, ತಾವಾಗಿ ಬಂದ ಗಿಡ ಎಷ್ಟು ಎಂದು ಕೇಳಿ. ಸೋತಿದ್ದನ್ನು ಬರೆದು ಒಪ್ಪಿಸಿದವರಿಗೆ ಮುಂದಿನ ಕಂತು ನಿಲ್ಲಿಸಬೇಡಿ. ಕಾಂಗ್ಡಾದಂಥ ಫಲಿತಾಂಶ ನಮ್ಮಲ್ಲೂ ಬಂದಿರಬಹುದು. ಅದನ್ನು ಬರೆದಿಟ್ಟ ಕಡತ ಎಲ್ಲಿದೆ? ಕಲಿಯುವ ದಾರಿಯೇ ಅದು, ಅದನ್ನೇ ನಾವು ಮುಚ್ಚಿಡುತ್ತೇವೆ. ನೂರು ರೂಪಾಯಿಯಲ್ಲಿ ಹತ್ತು ರೂಪಾಯಿ ಮನುಷ್ಯರಿಗೆ ಕಲಿಸಲು ಎತ್ತಿಡಿ. ಉಳಿದ ತೊಂಬತ್ತಕ್ಕೆ ಅರ್ಥ ಬರುತ್ತದೆ.

ಕಾಲೇಜಿನ ಮೇಷ್ಟ್ರುಗಳೇ, ಸಸ್ಯಶಾಸ್ತ್ರದಲ್ಲಿ ಮೊದಲ ದರ್ಜೆ ಪಡೆದ ಹುಡುಗಿಗೆ ಎರಡೆಲೆಯ ಸಸಿ ತೋರಿಸಿ ಹೆಸರು ಕೇಳಿ. ಸಸಿಯ ಎಲೆ ದೊಡ್ಡ ಮರದ ಎಲೆಯ ಹಾಗಿರುವುದಿಲ್ಲ. ಹಲಸಿನ ಮರಿಗೆ ಹಾಲೆ ಹಾಲೆಯಾದ ಎಲೆ ಬರುವುದನ್ನು ನೋಡದವರು ಅದನ್ನು ಕಳೆಯೆಂದು ಕಿತ್ತಾರು. ಒಂದು ಇಡೀ ಮಳೆಗಾಲ ನಿಮ್ಮ ವಿದ್ಯಾರ್ಥಿಗಳನ್ನು ನರ್ಸರಿಗೆ, ಜಡ್ಡಿಗೆ, ಕೆರೆಯ ತೂಬಿನ ಹತ್ತಿರಕ್ಕೆ ಕಳಿಸಿ, ಅದಕ್ಕೆ ಅಂಕ ಕೊಡಿ. ಅಂಕ ಕೊಡುವವರು ಅಲ್ಲಿನ ನರ್ಸರಿಯ ಅಜ್ಜಿಯಾಗಿರಲಿ. ಸಿವಿಲ್ ಎಂಜಿನಿಯರಿಂಗ್ ವಿಭಾಗದವರಿಗೂ ಇದೇ ಮಾತು, ಅವರಿಗೆ ಇನ್ನೂ ಸ್ವಲ್ಪ ಜೋರಾಗಿ.

ಪಟ್ಟಣದ ಗೆಳೆಯರೇ, ಭಾನುವಾರ ಬಸ್ಸು ಮಾಡಿಕೊಂಡು ಬೀಜದುಂಡೆ ಎಸೆಯಲು ಹೋಗುವವರೇ, ನಿಮ್ಮ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಯಾವ ಊರಿನ ಬೀಜವನ್ನು ಯಾವ ಕಾಡಿಗೆ ಎಸೆಯುತ್ತಿದ್ದೀರಿ ಎಂದು ಗೊತ್ತೇ? ಎಸೆಯುವ ಕೈ ಬಿಡಿ, ಕಳೆ ಕೀಳುವ ಕೈ ಕಲಿಯಿರಿ. ಒಂದೇ ಕೆರೆ, ಒಂದೇ ಕುರುಚಲು ಗುಡ್ಡ, ಒಂದೇ ತುಂಡು ಬಯಲು ಹಿಡಿದುಕೊಳ್ಳಿ. ಹತ್ತು ವರ್ಷ ಅದರ ಜೊತೆ ಇರಿ. ಸೆಲ್ಫಿಗೆ ಅಷ್ಟು ಚಂದ ಬರಲಿಕ್ಕಿಲ್ಲ.

ಮತ್ತೆ ಕಾಡಂಚಿನ, ಬಯಲುಸೀಮೆಯ ಹುಡುಗ ಹುಡುಗಿಯರೇ, ನಿಮ್ಮನ್ನೇ ಮುಖ್ಯವಾಗಿ ಕರೆಯುತ್ತಿದ್ದೇನೆ. ಡೆಲಿವರಿ ಬ್ಯಾಗು ಹೊತ್ತು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸವೆಯುತ್ತಿರುವ ನಿಮಗೆ ನಿಮ್ಮ ಅಜ್ಜ ಅಜ್ಜಿಯರು ಬಲ್ಲದ್ದು ಹಿಂದುಳಿದ ವಿದ್ಯೆ ಎಂದು ಯಾರೋ ಹೇಳಿಕೊಟ್ಟರು. ಹೇಳಿದವರಿಗೆ ಗೊತ್ತಿರಲಿಲ್ಲ. 2.6 ಕೋಟಿ ಹೆಕ್ಟೇರಿನ ಮಾತು ನಿಜವಾಗಬೇಕಾದರೆ ಲಕ್ಷಾಂತರ ಕೈಗಳು ಬೇಕು: ಬೀಜ ಬಲ್ಲ, ಬೇರು ಬಲ್ಲ, ನೀರಿನ ದಾರಿ ಬಲ್ಲ, ನಕ್ಷೆ ಓದಬಲ್ಲ, ಜಿಪಿಎಸ್ ಹಿಡಿಯಬಲ್ಲ, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಬಲ್ಲ ಕೈಗಳು. ಇದು ಗೌರವದ ಕಸುಬಾಗುವಂತೆ ಕೇಳುವ ಹಕ್ಕು ನಿಮ್ಮದು. ಪುಕ್ಕಟೆ ಸೇವೆಗೆ ಒಪ್ಪಬೇಡಿ. ಕೂಲಿ ಕೇಳಿ, ತರಬೇತಿ ಕೇಳಿ, ಸರ್ಟಿಫಿಕೇಟಿಗಿಂತ ಮೊದಲು ಮೇಷ್ಟ್ರನ್ನು ಕೇಳಿ.

ಮುಂದಿನ ಮಳೆಗೆ ಇನ್ನೂ ಸಮಯ ಇದೆ. ಓದುತ್ತಿರುವ ನೀವು ಯಾರೇ ಆಗಿರಿ, ಈ ತಿಂಗಳೊಳಗೆ ಒಮ್ಮೆ ನಿಮ್ಮ ತಾಲ್ಲೂಕಿನ ನರ್ಸರಿಗೆ ಹೋಗಿ. ಅಲ್ಲಿ ನಾಲ್ಕು ಮಾತು ಕೇಳಿ. ಈ ಸಸಿಯ ಬೀಜ ಯಾವ ಕಾಡಿನ ಯಾವ ಮರದ್ದು? ಆರಿಸಿ ತಂದವರು ಯಾರು? ಅವರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ಅವರ ಹತ್ತಿರ ಕಲಿಯುತ್ತಿರುವವರು ಯಾರು? ಮೊದಲ ಮೂರಕ್ಕೆ ಸಿಕ್ಕ ಉತ್ತರವನ್ನು ಬರೆದುಕೊಂಡು ಗ್ರಾಮ ಪಂಚಾಯಿತಿಗೂ ಶಾಸಕರಿಗೂ ಕೊಡಿ, ಪತ್ರಿಕೆಗೂ ಕಳಿಸಿ. ನಾಲ್ಕನೆಯದಕ್ಕೆ ಅವರು ಮುಖ ಮುಖ ನೋಡಿಕೊಂಡರೆ, ಅಲ್ಲೇ ನಿಂತು ನಿಮ್ಮ ಹೆಸರು ಬರೆಸಿ.